ಅಣ್ಣನ ಕೊರಳ ಚೂರಿಗೆ ನಾನು ಹಾಕಿದ ಹಿಡಿಕೆ

ಓದುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾದದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಅಕ್ಷರ ಒತ್ತುತ್ತೇನೆ. ಒತ್ತಕ್ಷರ ತಪ್ಪಬಹುದು, ಒಂದು ಮಾತು ಎರಡು ಸಲ ಬರಬಹುದು. ಹೊಟ್ಟೆಗೆ ಹಾಕಿಕೊಂಡು ಓದಿರಿ.

ನಾವು ಕಾಗಿಣಾ ನದಿ ದಂಡೆಯ ಮಂದಿ. ಊರು ಚಿತ್ತಾಪುರ ತಾಲ್ಲೂಕಿನಲ್ಲಿದೆ. ನಮ್ಮಲ್ಲಿ ಮೀನು ಹಿಡಿಯುವ ಗಂಡಸರು ಕೊರಳಲ್ಲಿ ಒಂದು ಸಣ್ಣ ಚೂರಿ ಹಾಕಿಕೊಳ್ಳುತ್ತಾರೆ. ಮಡಚುವ ಚೂರಿ ಅಲ್ಲ. ಮೂರು ಬೆರಳಗಲದಷ್ಟು ಉದ್ದದ ಅಲಗು, ಮುಷ್ಟಿ ತುಂಬುವಷ್ಟು ಉದ್ದದ ಹಿಡಿಕೆ. ಪ್ಲಾಸ್ಟಿಕ್ ಪೈಪನ್ನು ಬಿಸಿ ಮಾಡಿ ಒತ್ತಿ ಅದಕ್ಕೆ ಒರೆ ಮಾಡುತ್ತೇವೆ. ಹಿಡಿಕೆ ಕೆಳಗೆ ಬರುವ ಹಾಗೆ ಎದೆಯ ಮೇಲೆ ತಲೆಕೆಳಗಾಗಿ ತೂಗುಬಿಡುತ್ತೇವೆ. ಕೆಳಕ್ಕೆ ಒಂದು ಸಲ ಎಳೆದರೆ ಕೈಗೆ ಬರಬೇಕು.

ಇದು ಅಲಂಕಾರಕ್ಕಲ್ಲ. ನಮ್ಮ ನದಿಯ ತಳದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು, ಪದರು ಪದರಾಗಿ ಎದ್ದ ಕಲ್ಲು. ಬಲೆ ಆ ಪದರಿನಲ್ಲಿ ಸಿಕ್ಕಿಕೊಂಡರೆ ಮುಳುಗಿ ಬಿಡಿಸಬೇಕು. ಹಾಗೆ ಬಿಡಿಸುವಾಗ ಬಲೆ ಕಾಲಿಗೆ ಸುತ್ತಿದರೆ ಉಸಿರು ಇರುವಷ್ಟರಲ್ಲಿ ಕೊಯ್ದುಕೊಂಡು ಮೇಲೆ ಬರಬೇಕು. ಆಗ ಕೈಯಲ್ಲಿ ಚೂರಿ ಜಾರಿದರೆ ಮುಗಿಯಿತು.

ಅಲಗನ್ನು ಸೇಡಂನ ಒಬ್ಬ ಕಮ್ಮಾರರು ಮಾಡಿಕೊಡುತ್ತಾರೆ. ಹಿಡಿಕೆ ಹಾಕುವವನು ನಾನು. ವಾಡಿಯಲ್ಲಿ ನನ್ನದು ಸೈಕಲ್ ಮತ್ತು ನೀರೆತ್ತುವ ಮೋಟಾರು ರಿಪೇರಿ ಮಾಡುವ ಸಣ್ಣ ಅಂಗಡಿ. ಹಿಡಿಕೆ ಕೆಲಸ ಅಪ್ಪ ಕಲಿಸಿದ್ದು. ನದಿ ಬಿಟ್ಟು ಬಂದರೂ ಅದೊಂದು ಕೈಯಲ್ಲಿ ಉಳಿದಿದೆ.

ಯಾರಿಗೆ ಯಾವ ಹಿಡಿಕೆ ಎಂದು ಆರಿಸುವುದೇ ಇದರಲ್ಲಿ ಮುಖ್ಯ ಕೆಲಸ. ತೊಗಲು ಒಣಗಿದ್ದಾಗ ಚೆನ್ನ, ನೀರು ಕುಡಿದರೆ ಉಬ್ಬಿ ಲೋಳೆಯಾಗುತ್ತದೆ. ಹತ್ತಿಯ ದಾರ ಕೈಗೆ ಮೆತ್ತಗಿರುತ್ತದೆ, ಎರಡು ತಿಂಗಳಲ್ಲಿ ಕೊಳೆತು ನಾರುತ್ತದೆ. ಸೈಕಲ್ ಟ್ಯೂಬಿನ ರಬ್ಬರು ಒದ್ದೆಯಲ್ಲಿ ಗಟ್ಟಿ ಹಿಡಿಯುತ್ತದೆ, ಆದರೆ ನಮ್ಮ ಬಿಸಿಲಿಗೆ ಅಂಟಂಟಾಗಿ ಎದೆಗೆ ಮೆತ್ತಿಕೊಳ್ಳುತ್ತದೆ. ಚಿಂಚೋಳಿ ಕಡೆಯ ಕುರಿ ಕಾಯುವವರಿಗೆ ಕಟ್ಟಿಗೆಯ ಹಿಡಿಕೆ ಸಾಕು. ಚಿಮ್ಮನಚೋಡದ ಒಬ್ಬ ರೈತರು ಗಿಡಕ್ಕೆ ಕಸಿ ಕಟ್ಟಲು ಇಂಥದ್ದೇ ಚೂರಿ ಬೇಕೆಂದು ಬಂದಿದ್ದರು. ನಾನು ತೊಗಲಿನ ಪಟ್ಟಿ ತೆಗೆದದ್ದು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಎದಿ ಮ್ಯಾಲ ಲಿಂಗ ಅದರಿ. ಅದರ ಬಾಜೂಕ ತೊಗಲು ತೂಗಾಕಬೇಕೇನ್ರಿ?"

ಅವರಿಗೆ ಬೇವಿನ ಕಟ್ಟಿಗೆ ಹಾಕಿಕೊಟ್ಟೆ. ಹೀಗೆ ಕೇಳಿ, ಕೈ ನೋಡಿ, ಕೆಲಸ ತಿಳಿದುಕೊಂಡು ಹಾಕಬೇಕು.

ನದಿಯವರಿಗೆ ಮಾತ್ರ ಒಂದೇ ಪದ್ಧತಿ. ಎಮ್ಮೆ ಕೊಂಬಿನ ಎರಡು ಹೋಳುಗಳನ್ನು ಎರಡು ಮಗ್ಗುಲಿಗೆ ಇಟ್ಟು ಹಿತ್ತಾಳೆ ಮೊಳೆ ಬಡಿದು, ಕೊಂಬಿನ ಮೇಲೆ ಅರದಿಂದ ಅಡ್ಡಡ್ಡ ಗೀರು ಹಾಕಿ, ಅದರ ಮೇಲೆ ಬಲೆಯ ನೂಲನ್ನು ಬಿಗಿಯಾಗಿ ಸುತ್ತಬೇಕು. ಕೊಂಬು ಕೊಳೆಯುವುದಿಲ್ಲ, ಗೀರು ನೂಲನ್ನು ಹಿಡಿಯುತ್ತದೆ, ನೂಲು ಕೈಯನ್ನು ಹಿಡಿಯುತ್ತದೆ.

ನಮ್ಮೂರಲ್ಲಿ ಇನ್ನೊಂದು ರೂಢಿ ಇದೆ. ಮಳೆಗಾಲದ ಕೆಂಪು ನೀರು ಇಳಿದು ಮೀನಿಗೆ ಇಳಿಯುವ ಮೊದಲ ದಿನ, ಹೊಸ ಹಿಡಿಕೆ ಹಾಕಿಸಿದವರು ದಂಡೆಯಲ್ಲಿ ಕೈ ತೋರಿಸಬೇಕು. ಎರಡೂ ಕೈ ನದಿಯ ರಾಡಿಯಲ್ಲಿ ಅದ್ದಬೇಕು. ಆ ಕೈಯಿಂದಲೇ ಕೊರಳಿನ ಚೂರಿ ಎಳೆದು, ಹಗ್ಗದಂತೆ ಹೊಸೆದ ಹಳೇ ಬಲೆಯನ್ನು ಕೊಯ್ಯಬೇಕು. ಮೂರು ಸಲ. ಊರಿನ ಹಿರಿಯ ಮುತ್ಯಾ ನಿಂತು ನೋಡುತ್ತಾನೆ. ಮೂರರಲ್ಲಿ ಒಂದು ಸಲವೂ ಕೊಯ್ಯದಿದ್ದರೆ ಆ ವರ್ಷ ಮಡುವಿಗೆ ಇಳಿಯುವಂತಿಲ್ಲ. ಅದನ್ನು ಯಾರೂ ಮೀರಿದ್ದು ನಾನು ಕಂಡಿಲ್ಲ.

ಈಗ ಅಣ್ಣನ ವಿಷಯ. ಅಣ್ಣ ಬೇಸಿಗೆಯಲ್ಲಿ ಶಹಾಬಾದಿಗೆ ಹೋಗಿ ಫರಸಿ ಕಲ್ಲು ಹೊರುತ್ತಿದ್ದ, ಮಳೆ ಇಳಿದ ಮೇಲೆ ನದಿಗೆ ಬರುತ್ತಿದ್ದ. ಹೋದ ವರ್ಷದ ಬೇಸಿಗೆಯಲ್ಲಿ ಲಾರಿಯಿಂದ ಇಳಿಸುವಾಗ ಒಂದು ಹಾಸುಗಲ್ಲು ಜಾರಿ ಬಲಗೈ ಮೇಲೆ ಬಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಹೋದವು. ಹಿಡಿತದ ಬಲ ಆ ಎರಡು ಬೆರಳಲ್ಲೇ ಇರುತ್ತದೆ ಎಂದು ಹಿಡಿಕೆ ಹಾಕುವವರಿಗೆ ಗೊತ್ತು. ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ, ಹೆಬ್ಬೆರಳೇ ದೊಡ್ಡದು ಅಂದುಕೊಳ್ಳುತ್ತಾರೆ.

ಗಾಯ ಮಾಯುತ್ತಿದ್ದ ಹಾಗೆ ಅಣ್ಣ ಬಲೆ ಹೊಲಿಯಲು ಕುಳಿತ. ಉಳಿದ ಮೂರು ಬೆರಳಲ್ಲೇ. ನಾನು ಊರಿಗೆ ಹೋದಾಗ ಹೇಳಿದೆ:

"ಅಣ್ಣಾ, ಈ ಸಲ ನೀರು ಬಿಟ್ಟುಬಿಡು. ಏನಾರ ಬ್ಯಾರೆ ನೋಡೋಣ."

"ಏನ್ ನೋಡ್ತಿ? ಕಲ್ಲು ನೋಡಿದ್ರ ಕೈ ಉರೀತದ. ನೀರಾಗ ಇಳದ್ರ ಉರಿಯಂಗಿಲ್ಲ. ನೀ ಚೂರಿಗಿ ಚೊಲೊ ಹಿಡಿಕಿ ಹಾಕಿಕೊಡು. ಸೇಡಂದಾಗ ಅಲಗು ಮಾಡ್ಸೀನಿ."

ಹೊಸ ಅಲಗನ್ನು ನನ್ನ ಕೈಗೆ ಕೊಟ್ಟ. ನಾನು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನನಗೂ ಹೆದರಿಕೆ ಇತ್ತು, ಆದರೆ ಅಣ್ಣನ ಮುಖ ನೋಡಿ ಮತ್ತೊಮ್ಮೆ ಬೇಡ ಎನ್ನುವ ಧೈರ್ಯ ಇರಲಿಲ್ಲ.

ಮರುವಾರ ಹೋದಾಗ ಅಣ್ಣ ಬಲೆಗೆ ಸೀಸದ ಗುಂಡು ತರಲು ಕಾಳಗಿಗೆ ಹೋಗಿದ್ದ. ವೈನಿ, ಅಂದರೆ ಅಣ್ಣನ ಹೆಂಡತಿ, ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಮೊರ ಕೆಳಗಿಟ್ಟು ಕೇಳಿದಳು:

"ತಮ್ಮಾ, ಆ ಚೂರಿಗಿ ಹಿಡಿಕಿ ಹಾಕಾಂವ ನೀನೇ ಹೌದಲ್ಲ?"

"ಹೌದು ವೈನಿ. ಮತ್ಯಾರ್ ಹಾಕ್ತಾರ?"

"ಹಂಗಾದ್ರ ಜಾರಂಗ ಹಾಕು."

"ಏನಂದಿ?"

"ಮುತ್ಯಾನ ಮುಂದ ಅದು ನಿಮ್ಮಣ್ಣನ ಕೈಯಾಗ ನಿಂದರಬಾರದು. ಮುತ್ಯಾ ಬ್ಯಾಡ ಅಂದ್ರ ನಿಮ್ಮಣ್ಣ ಇಳಿಯಂಗಿಲ್ಲ. ನಾ ಅಂದ್ರ ಕೇಳ್ತಾರೇನು? ನಾ ಅಂದು ಅಂದು ಬಾಯಿ ಬ್ಯಾನಿ ಆಗ್ಯಾದ."

"ವೈನಿ, ಅದು ಜೀವದ ಮಾತದ."

"ನಾ ಮತ್ತ ಯಾತರ ಮಾತು ಹೇಳಾಕತ್ತೀನಿ? ನಮ್ಮಪ್ಪನ ಕಾಲಿಗಿ ಬಲಿ ಹಂಗೇ ಸುತ್ತಿತ್ತು, ಹೆಣ ಮ್ಯಾಲ ತಂದಾಗ. ಅವರಿಗಿ ಹತ್ತೂ ಬೆರಳಿದ್ದವು."

ವೈನಿ ಮೊರ ಎತ್ತಿಕೊಂಡು ಮತ್ತೆ ಜೋಳ ಕೇರಿದಳು. ವಾಡಿಗೆ ಬರುವ ಬಸ್ಸಿನಲ್ಲಿ ಕುಳಿತಾಗಲೇ ಹೇಗೆ ಮಾಡುವುದು ಎಂದು ಲೆಕ್ಕ ಹಾಕುತ್ತಿದ್ದೆ.

ಸಡಿಲ ಹಿಡಿಕೆ ಹಾಕಿದರೆ ಅಣ್ಣ ತಕ್ಷಣ ಗುರುತು ಹಿಡಿಯುತ್ತಾನೆ. ಅದಕ್ಕೇ ಒಳ್ಳೆಯ ಕೊಂಬನ್ನೇ ಆರಿಸಿದೆ, ಕರಿಯ ಕೊಂಬಿನಲ್ಲಿ ಬಿಳಿಯ ಎಳೆ ಓಡಿದ್ದು. ಮೊಳೆಯೂ ಬಿಗಿಯಾಗಿಯೇ ಬಡಿದೆ. ಗೀರು ಮಾತ್ರ ಹಾಕಲಿಲ್ಲ. ಪಾಲಿಶ್ ಕಾಗದದಿಂದ ತಿಕ್ಕಿದೆ, ಇನ್ನೂ ನಯದ ಕಾಗದದಿಂದ ತಿಕ್ಕಿದೆ, ಕೊನೆಗೆ ಕುಸುಬೆ ಎಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಿದೆ. ನೂಲು ಸುತ್ತಲಿಲ್ಲ. ಅಷ್ಟು ಚೆಂದದ ಹಿಡಿಕೆಯನ್ನು ನಾನು ಅದುವರೆಗೆ ಮಾಡಿರಲಿಲ್ಲ. ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದವರೊಬ್ಬರು ಕೈಯಲ್ಲಿ ಹಿಡಿದು "ಇದು ನನಗ ಕೊಡ್ತೀರೇನು?" ಎಂದು ಕೇಳಿದರು. ಆಗ ನನಗೆ ಹೆಮ್ಮೆಯೂ ಆಯಿತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಚೂರಿ ಕೊಟ್ಟ ದಿನ ಅಣ್ಣ ಅಂಗಳದಲ್ಲಿ ಕುಳಿತಿದ್ದ. ಒರೆಯಿಂದ ಎಳೆದು ಬಿಸಿಲಿಗೆ ಹಿಡಿದು ನೋಡಿ ನಕ್ಕ.

"ಏ, ಇದೇನೋ! ಮದಿಮಗ ಹಿಡಿಯೋ ಚೂರಿ ಮಾಡಿಯಲ್ಲೋ. ನನಗೇನ್ ಎರಡನೇ ಲಗ್ನಾ ಮಾಡ್ತೀರೇನು?"

ಒಳಗಿನಿಂದ ವೈನಿ ಕೂಗಿದಳು: "ಆಗ್ರಿ, ಯಾರ್ ಬ್ಯಾಡಂದಾರ? ಎಂಟ್ ಬೆರಳಿನ ವರ ಯಾರಿಗಿ ಬೇಕಾಗ್ಯಾನ, ಕೇಳ್ಕೊಂಡ್ ಬರ್ರಿ."

ಅಣ್ಣ ಮತ್ತೂ ನಕ್ಕ. ಆಮೇಲೆ ಹೆಬ್ಬೆರಳಿನಿಂದ ಹಿಡಿಕೆಯನ್ನು ಮೇಲಿನಿಂದ ಕೆಳಗೆ ಸವರಿದ.

"ನೂಲು ಸುತ್ತಿಲ್ಲ?"

"ಗಾಯದ ಚರ್ಮ ಇನ್ನಾ ಎಳೀದದ ಅಣ್ಣಾ. ನೂಲು ಕೊರೀತದ."

"ಗೀರೂ ಹಾಕಿಲ್ಲ."

"ಅದೂ ಕೊರೀತದಂತ ಬಿಟ್ಟೆ."

ಇನ್ನೊಂದು ಸಲ ಸವರಿದ. "ಆತು ಬಿಡು" ಎಂದು ದಾರ ಕೊರಳಿಗೆ ಹಾಕಿಕೊಂಡ.

ಕೆಂಪು ನೀರು ಇಳಿಯಿತು. ಕೈ ತೋರಿಸುವ ದಿನ ನಾನು ಅಂಗಡಿ ಮುಚ್ಚಿ ಊರಿಗೆ ಹೋದೆ. ಹೋಗದೆ ಇರಬಹುದಿತ್ತು. ಹೋಗದಿದ್ದರೆ ಅನುಮಾನ ಬರುತ್ತದೆ ಅನಿಸಿತು. ದಂಡೆಯಲ್ಲಿ ಹತ್ತು ಹನ್ನೆರಡು ಮಂದಿ, ತೇಲಲು ಗಾಳಿ ತುಂಬಿದ ಲಾರಿ ಟ್ಯೂಬುಗಳು, ಬಲೆಗಳು. ಅಣ್ಣನ ಸರದಿ ಮೂರನೆಯದು. ರಾಡಿಯಲ್ಲಿ ಕೈ ಅದ್ದಿದ, ಎಳೆದ. ಚೂರಿ ಒರೆಯಿಂದ ಬಂತು, ಆದರೆ ಬಲೆಗೆ ಇಟ್ಟು ಒತ್ತಿದ ಕೂಡಲೇ ಕೈಯೊಳಗೆ ತಿರುಗಿತು. ಅಲಗಿನ ಬೆನ್ನು ಬಲೆಗೆ ತಾಗಿತು. ಎರಡನೇ ಸಲ ಅರ್ಧ ಕೊಯ್ಯುವಷ್ಟರಲ್ಲಿ ಜಾರಿತು.

"ಮೀನ ಹಿಡಿಯಾಕ ಬಂದಾನೋ, ಚೂರಿ ಹಿಡಿಯಾಕ ಬಂದಾನೋ?" ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

ಮೂರನೇ ಸಲ ಚೂರಿ ಕೆಳಗೆ ಬಿದ್ದು ರಾಡಿಯಲ್ಲಿ ಹೂತುಹೋಯಿತು. ಆಗ ಯಾರೂ ನಗಲಿಲ್ಲ. ಅಣ್ಣ ಬಗ್ಗಿ ಹುಡುಕಿ ತೆಗೆದ. ತೆಗೆಯುವ ಮೊದಲು ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದ.

ಮುತ್ಯಾ ಹೇಳಿದ: "ಈ ವರ್ಷ ದಂಡಿ ಮ್ಯಾಲ ಕುಂದ್ರಪ. ಹರದ ಬಲಿ ಹೊಲಿ. ಕೈಗಿ ಬಲ ಬರ್ಲಿ, ಮುಂದ ನೋಡೋಣ."

"ಆತು ಮುತ್ಯಾ."

ಮುತ್ಯಾ ಆ ಚೂರಿಯನ್ನು ಇಸಿದುಕೊಂಡು ನೀರಲ್ಲಿ ತೊಳೆದು, ಹಿಡಿಕೆ ಸವರಿ, ನನ್ನ ಕೈಗೆ ಕೊಟ್ಟ. "ವಾಡ್ಯಾಗ ಇದ್ದು ಇದ್ದು ನಿನಗ ನೀರು ಮರತದ ನೋಡು. ನಿಮ್ಮಪ್ಪ ಹಿಂಗ ಹಾಕ್ತಿದ್ದಿಲ್ಲ. ಆದ್ರ ಮೂರು ಸಲ ಅಂದ್ರ ಮೂರೇ." ನನಗೆ ಗೊತ್ತಿಲ್ಲದೆ ಆದ ತಪ್ಪು ಎಂದು ಮುತ್ಯಾ ತಿಳಿದಿದ್ದ. ನಾನು ತಲೆ ತಗ್ಗಿಸಿ ಹಾಗೇ ತಿಳಿಯಲಿ ಎಂದು ಬಿಟ್ಟೆ. ಮನೆಗೆ ಹೋಗುವಾಗ ಅಣ್ಣ ಚೂರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒರೆಗೆ ಹಾಕಿಕೊಂಡ.

ಆ ದಿನ ವೈನಿ ನನಗೆ ತುಪ್ಪ ಹಾಕಿ ಹೋಳಿಗೆ ಬಡಿಸಿದಳು. ಹಬ್ಬವೇನೂ ಇರಲಿಲ್ಲ. ಅಣ್ಣ ಒಂದನ್ನು ತಿಂದು ಎದ್ದ.

ಅಣ್ಣ ಒಂದು ತಿಂಗಳು ದಂಡೆಯಲ್ಲಿ ಕುಳಿತು ಬಲೆ ಹೊಲಿದ. ಆಮೇಲೆ ದಂಡೆಗೂ ಹೋಗಲಿಲ್ಲ. ಬಸ್ ನಿಲ್ಲುವ ಕಟ್ಟೆಯ ಮೇಲೆ ಕುಳಿತು ಬಲಗೈಯನ್ನು ಎಡಗೈಯಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದನಂತೆ. ಮನೆಯಲ್ಲಿ ಚೊಂಬನ್ನು ಎಡಗೈಯಲ್ಲೇ ಹಿಡಿಯತೊಡಗಿದ. ಈಗ ಆದಿತ್ಯನಗರದ ಕಡೆ ಗಿಡಗಳಿಗೆ ನೀರು ಬಿಡುವ ಕೆಲಸಕ್ಕೆ ಹೋಗಿಬರುತ್ತಾನೆ. ಪೈಪನ್ನೂ ಎಡಗೈಯಲ್ಲೇ ಹಿಡಿಯುತ್ತಾನೆ ಎಂದು ವೈನಿಯೇ ಫೋನಿನಲ್ಲಿ ಹೇಳಿದಳು. "ಇರ್ಲಿ ಬಿಡು, ಸಂಜಿಗಿ ಮನಿಗಿ ಬರ್ತಾರಲ್ಲ" ಎಂದು ತಾನೇ ಅಂದಳು. ನಾನೂ ಹೌದು ಎಂದೆ.

ಈ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಣ್ಣ ವಾಡಿಯ ಅಂಗಡಿಗೆ ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ. ಸ್ಟೂಲಿನ ಮೇಲೆ ಕುಳಿತು ನೀರು ಕುಡಿದ. ಕೊರಳಿನ ದಾರ ತೆಗೆದು ಚೂರಿಯನ್ನು ನನ್ನ ಮುಂದೆ ನಟ್ಟು ಬಿಚ್ಚುವ ಪಾನಾಗಳ ನಡುವೆ ಇಟ್ಟ.

"ನೂಲು ಕೊರೀತದ ಅಂದಿದ್ದಿ."

ನಾನು ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡೆ.

"ಆಗ ನಾ ದಿನಾ ಬಲಿ ಹೊಲೀತಿದ್ದೆ. ನೂಲಿಲೇ ಹೊಲೀತಿದ್ದೆ. ಅದು ಕೊರೀಲಿಲ್ಲ?"

"ಅಣ್ಣಾ..."

"ಸವರಿದ ಕೂಡ್ಲೇ ತಿಳೀತು ನನಗ, ಇದು ನೀರಿಗಿ ಬರಂಗಿಲ್ಲಂತ."

"ಹಂಗಾದ್ರ ಯಾಕ್ ಹಾಕ್ಕೊಂಡಿ?"

"ಗೊತ್ತಾಗವಲ್ದಾಗಿತ್ತು. ನನ್ನ ತಮ್ಮ ಮರತಾನೋ, ಬೇಕಂತ್ಲೇ ಮಾಡ್ಯಾನೋ ಅಂತ. ಚೂರಿ ಬಿದ್ದಾಗ ನಿನ್ನ ಮಾರಿ ನೋಡಿದೆ. ನಿನಗ ನಾಚಿಕಿ ಆಗಿದ್ರ ಮರತಾನ ಅಂತಿದ್ದೆ. ನಿನಗ ಹಗೂರ ಆಗಿತ್ತು. ಹೆಗಲ ಮ್ಯಾಲಿಂದ ಗಂಟು ಇಳಿಸಿದಂಗ ನಿಂತಿದ್ದಿ."

ಹೌದು, ಹಗುರವೇ ಆಗಿತ್ತು. ವೈನಿ ಹೇಳಿದ್ದಕ್ಕೆ ಮಾಡಿದೆ ಎಂದು ನಾಲಿಗೆ ತುದಿಗೆ ಬಂತು. ಅವನೇ ಕೈ ಎತ್ತಿ ತಡೆದ.

"ಯಾರ್ ಹೇಳಿದ್ರು ಅಂತ ಕೇಳಾಕ ಬಂದಿಲ್ಲ. ನೀ ಒಂದು ಸಲ ಅಂದು ಸುಮ್ನಾದಿ. ಮತ್ತ ಮತ್ತ ಬಾಯಿಲೇ ಬ್ಯಾಡ ಅಂದಿದ್ರ ಜಗಳಾ ಆಡ್ತಿದ್ದೆ. ಆಮ್ಯಾಲ ನಿಮ್ಮ ಮಾತು ಕೇಳ್ತಿದ್ದೆನೋ ಇಲ್ಲೋ, ಅದು ಬ್ಯಾರೆ. ನೀ ಏನ್ ಮಾಡಿದಿ? ನನ್ನ ಕೈ ಸೋತಾದ ಅಂತ ಊರ್ ಮುಂದ ನನಗ ತೋರಿಸಿದಿ. ಹಿಡಿಕಿ ಜಾರ್ತದಂತ ಗೊತ್ತಿದ್ರೂ ನಾ ನಂಬಿಬಿಟ್ಟೆ. ಮನಿಯಾಗ ಚೊಂಬು ಹಿಡದ್ರೂ ಈ ಕೈ ನಂಬಾಕ ಆಗವಲ್ದು. ಅವತ್ತ ಸೋತದ್ದು ಕೈಯೋ ಹಿಡಿಕಿಯೋ, ಇವತ್ತಿಗೂ ನನಗ ಗೊತ್ತಿಲ್ಲ."

ಆಮೇಲೆ ಎದ್ದು ನಿಂತ.

"ಖರೆ ಹಿಡಿಕಿ ಹಾಕು. ಆಮ್ಯಾಲ ಕೈ ಸೋತ್ರ ಸೋಲಲಿ."

"ನೀರಿಗಿ ಇಳೀತಿ ಏನು?"

"ಅದು ಆಮ್ಯಾಲಿನ ಮಾತು. ನೀ ನಿನ್ನ ಕೆಲಸ ಮಾಡು."

ಕೊಂಬಿನ ಹೋಳುಗಳನ್ನು ಅವತ್ತೇ ಕಿತ್ತು ಹಾಕಿದೆ. ಅಣ್ಣನ ಕೈ ಈಗ ಹೇಗೆ ಹಿಡಿಯುತ್ತದೆ ಎಂದು ತಿಳಿಯಲು ನನ್ನ ಬಲಗೈಯ ಕೊನೆಯ ಎರಡು ಬೆರಳನ್ನು ಅಂಗೈಗೆ ಮಡಚಿ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡೆ. ಊರಿಂದ ಬರುವವರ ಕೈಯಲ್ಲಿ ಒಂದು ಬಕೆಟ್ ನದಿಯ ರಾಡಿ ತರಿಸಿದೆ. ಗೀರು ಹಾಕಿದ ಕೊಂಬಿಗೆ ನೂಲು ಸುತ್ತಿ ಹಿಡಿದು ನೋಡಿದೆ. ಐದು ಬೆರಳಿನ ಕೈಗೆ ಸರಿ ಇದ್ದದ್ದು ಮೂರು ಬೆರಳಿಗೆ ಹಿಂದಿನಿಂದ ಜಾರುತ್ತಿತ್ತು. ಬೇವಿನ ಕಟ್ಟಿಗೆ ಹಾಕಿದೆ, ದಪ್ಪವಾಯಿತು. ಸೈಕಲ್ ಟ್ಯೂಬು ಹಾಕಿದೆ, ಹಿಡಿಕೆಯ ಮೇಲೆ ಅದೇ ತಿರುಗಿತು. ಕೊನೆಗೆ ಶಹಾಬಾದಿನ ಆಟದ ಸಾಮಾನಿನ ಅಂಗಡಿಯಿಂದ ಕ್ರಿಕೆಟ್ ಬ್ಯಾಟಿನ ಹಿಡಿಗೆ ಹಾಕುವ ರಬ್ಬರು ತಂದು, ಕೊಯ್ದು ಗೀರಿನ ಕೊಂಬಿಗೆ ಬಿಗಿಯಾಗಿ ಏರಿಸಿ, ಅದರ ಮೇಲೆ ಬಲೆಯ ನೂಲನ್ನು ಹೆಣೆದ ಜಡೆಯಂತೆ ಅಡ್ಡಡ್ಡ ಸುತ್ತಿದೆ. ನಡುಬೆರಳು ಕೂರುವಲ್ಲಿ ನೂಲನ್ನು ಎರಡು ಪದರು ಮಾಡಿ ಉಬ್ಬಿಸಿದೆ. ಹಿಂದೆ ಮಣಿಕಟ್ಟಿಗೆ ಒಂದು ಕುಣಿಕೆ.

ರಾಡಿಯಲ್ಲಿ ಕೈ ಅದ್ದಿ ಹೊಸೆದ ಬಲೆಯನ್ನು ಕೊಯ್ದೆ. ಒಂದೇ ಸಲಕ್ಕೆ ಕೊಯ್ದಿತು. ಇನ್ನೊಮ್ಮೆ, ಮತ್ತೊಮ್ಮೆ, ಏಳೆಂಟು ಸಲ. ಒಮ್ಮೆಯೂ ಜಾರಲಿಲ್ಲ. ಅಂದರೆ ಹೋದ ವರ್ಷವೇ ಇದನ್ನು ಮಾಡಬಹುದಿತ್ತು. ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ನೀರೊಳಗೆ ಅಣ್ಣ ಕಾಣಿಸಿದ, ಕಾಲಿಗೆ ಸುತ್ತಿದ ಬಲೆ ಕಾಣಿಸಿತು.

ಈ ಸಲ ಮೊದಲು ವೈನಿಗೆ ಹೇಳಿದೆ. ಫೋನಿನಲ್ಲಿ ಅಲ್ಲ, ಎದುರಿಗೆ ನಿಂತು, ಅಣ್ಣ ಅಲ್ಲೇ ಇರುವಾಗ.

"ವೈನಿ, ಈ ಸಲ ಕೈಯಾಗ ನಿಂದ್ರೋ ಹಿಡಿಕಿ ಹಾಕೀನಿ. ಹೋದ ಸಲ ಮಾಡಿದ್ದು ಮತ್ತ ನನ್ನ ಕೈಲೆ ಆಗಂಗಿಲ್ಲ."

ವೈನಿ ಅಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿದೆ ಎಂದು ಅವಳಿಗೆ ಆಗ ತಿಳಿಯಿತು.

"ನಾಳಿ ಏನಾರ ಆದ್ರ, ನನ್ನ ಮುಂದ ಬಂದು ನಿಂದರಬ್ಯಾಡ ತಮ್ಮಾ" ಎಂದಳು.

"ಆತು ವೈನಿ" ಎಂದೆ.

"ನೀರಿಗಿ ಹೋಗ್ತೀನಂತ ನಾ ಎಲ್ಲಿ ಹೇಳೀನಿ?" ಎಂದು ಅಣ್ಣ ಮೆಲ್ಲಗೆ ಅಂದ.

"ಹೋಗಂಗಿಲ್ಲಂತರ ಎಲ್ಲಿ ಹೇಳೀರಿ?" ಎಂದು ವೈನಿ ಎದ್ದು ಒಳಗೆ ಹೋದಳು.

ಅಣ್ಣ ಹೊಸ ಹಿಡಿಕೆಯನ್ನು ಸವರಿ ನೋಡಲಿಲ್ಲ. ಬಲಗೈಯಿಂದ ಒಂದು ಸಲ ಮುಷ್ಟಿ ಹಿಡಿದ, ಒರೆಗೆ ಹಾಕಿದ, ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಬಿಟ್ಟುಕೊಂಡ. ಅವತ್ತು ನಾನು ಚಹಾ ಕುಡಿಯದೆ ವಾಪಸು ಬಂದೆ. ಯಾರೂ ಮಾಡಲಿಲ್ಲ, ನಾನೂ ಕೇಳಲಿಲ್ಲ.

ನದಿ ಈಗ ತುಂಬಿ ಕೆಂಪಗೆ ಹರಿಯುತ್ತಿದೆ. ಇಳಿಯಲು ಇನ್ನೂ ಒಂದೆರಡು ತಿಂಗಳು ಬೇಕು. ಅಣ್ಣ ಮುತ್ಯಾನ ಮುಂದೆ ನಿಲ್ಲುತ್ತಾನೋ ಇಲ್ಲವೋ, ನಿಂತು ಗೆದ್ದರೂ ಮಡುವಿಗೆ ಇಳಿಯುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳಲು ಎರಡು ಸಲ ಫೋನ್ ಹಚ್ಚಿ ಮಳೆಯ ವಿಷಯ ಮಾತಾಡಿ ಇಟ್ಟಿದ್ದೇನೆ. ವೈನಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಣ್ಣ ಮನೆಯಲ್ಲಿ ಚೊಂಬನ್ನು ಯಾವ ಕೈಯಲ್ಲಿ ಹಿಡಿಯುತ್ತಾನೆ ಎಂದು ಹೇಳುವವರೂ ಈಗ ಯಾರೂ ಇಲ್ಲ.

ನೀವು ಯಾರಾದರೂ ನಿಮ್ಮವರ ಜೀವ ಉಳಿಯಲಿ ಎಂದು ಅವರಿಗೆ ತಿಳಿಯದ ಹಾಗೆ ಹೀಗೆ ಏನಾದರೂ ಮಾಡಿದ್ದೀರಾ? ಮಾಡಿದ್ದರೆ ಆಮೇಲೆ ಅವರ ಮುಂದೆ ಹೇಗೆ ನಿಂತಿರಿ, ಅವರು ಏನಂದರು, ನಿಮ್ಮ ಮನೆಯಲ್ಲಿ ಅದು ಹೇಗೆ ಕಳೆಯಿತು, ದಯವಿಟ್ಟು ಬರೆದು ತಿಳಿಸಿರಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.